ಭರಣಿಗೆ ಹೋದ ಪೋರ್ಟು, ಪುಷ್ಯಕ್ಕೆ ಹೋದ ಪೋರ್ಟು

ಕಂಪ್ಯೂಟರಿನ ಪೋರ್ಟ್, ಅಂದರೆ ಕೇಬಲ್ಲು, ಪೆನ್‌ಡ್ರೈವ್ ಚುಚ್ಚುವ ಕಿಂಡಿ, ಕೆಟ್ಟಿದೆ ಅಂತ ನಮ್ಮ ಕಡೆ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು, ಯಾವ ಮಳೆಯಲ್ಲಿ ಕೆಟ್ಟಿತು ಅಂತ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯವರಿಗೆ ಈ ಪ್ರಶ್ನೆ ವಿಚಿತ್ರ ಅನ್ನಿಸುವುದಿಲ್ಲ. ಇಲ್ಲಿ ಸಸಿಮಡಿ ಹಾಕುವುದು, ಅಡಿಕೆಗೆ ಔಷಧಿ ಹೊಡೆಯುವುದು, ಕಟ್ಟಿಗೆ ಒಟ್ಟುವುದು ಎಲ್ಲವೂ ಮಳೆ ನಕ್ಷತ್ರ ನೋಡಿಯೇ. ಹಳೆ ಡೆಸ್ಕ್‌ಟಾಪ್ ರಿಪೇರಿಗೂ ಅದೇ ಪಂಚಾಂಗ ಉಪಯೋಗಕ್ಕೆ ಬರುತ್ತದೆ.

ಏಪ್ರಿಲ್ ಕೊನೆಗೆ ಭರಣಿ ಮಳೆ, ಮೇ ನಡುವೆ ಕೃತ್ತಿಕೆ. ಎರಡೂ ಗುಡುಗು ಸಿಡಿಲಿನ ಮಳೆಗಳು. ಸಂಜೆ ಹೊತ್ತಿಗೆ ಮೋಡ ಕಟ್ಟಿ, ಒಂದಷ್ಟು ಹೊತ್ತು ಅಬ್ಬರಿಸಿ ಹೋಗುತ್ತವೆ. ಜೂನ್ ಕೊನೆಯ ಆರಿದ್ರಾದಿಂದ ಹಿಡಿದು ಪುನರ್ವಸು, ಪುಷ್ಯ ಮುಗಿಯುವ ತನಕ ಕಥೆಯೇ ಬೇರೆ. ಗುಡುಗು ಕಡಿಮೆ, ನೀರು ಜಾಸ್ತಿ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಬರುತ್ತದಲ್ಲ, ಅದರ ದೊಡ್ಡ ಪಾಲು ಈ ದಿನಗಳಲ್ಲೇ ಸುರಿಯುವುದು. ಭರಣಿಯಲ್ಲಿ ಹೋದ ಪೋರ್ಟ್ ಒಂದೇ ಏಟಿಗೆ ಹೋಗಿರುತ್ತದೆ. ಪುಷ್ಯದಲ್ಲಿ ಹೋಗುವುದು ದಿನಾ ಸ್ವಲ್ಪ ಸ್ವಲ್ಪ ಸತಾಯಿಸಿ ಹೋಗುತ್ತದೆ. ಮೊದಲನೆಯದು ಸಾಮಾನ್ಯವಾಗಿ ಮತ್ತೆ ಏಳುವುದಿಲ್ಲ. ಎರಡನೆಯದನ್ನು ಬಹಳ ಸಲ ಎಬ್ಬಿಸಬಹುದು.

ಈ ವ್ಯತ್ಯಾಸ ಗೊತ್ತಿಲ್ಲದೆ ನಮ್ಮ ಊರುಗಳಲ್ಲಿ ಎಷ್ಟೋ ಒಳ್ಳೆಯ ಕಂಪ್ಯೂಟರ್ ಗುಜರಿಗೆ ಹೋಗಿವೆ. ಒಂದು ಪೋರ್ಟ್ ಕೆಲಸ ಮಾಡುವುದಿಲ್ಲ ಅಂದ ತಕ್ಷಣ "ಮದರ್‌ಬೋರ್ಡ್ ಹೋಯ್ತು" ಅನ್ನುವ ಮಾತು ಬರುತ್ತದೆ. ಮದರ್‌ಬೋರ್ಡ್ ಅಂದರೆ ಒಳಗಿನ ಭಾಗಗಳೆಲ್ಲ ಕೂರುವ ಮುಖ್ಯ ಹಲಗೆ. ನನಗೆ ಅದನ್ನು ಕೇಳಿದರೆ ಬೇಸರವಾಗುತ್ತದೆ. ಪೋರ್ಟ್ ಹೋದರೆ ಬೋರ್ಡ್ ಹೋಗಿದೆ ಅಂತ ಅರ್ಥವಲ್ಲ. ಯಾವ ಪೋರ್ಟ್, ಯಾವಾಗ, ಹೇಗೆ ಹೋಯಿತು ಅಂತ ಸಮಾಧಾನದಿಂದ ಕೇಳಿಕೊಂಡರೆ ಹೆಚ್ಚಿನ ಸಲ ದಾರಿ ಸಿಗುತ್ತದೆ.

ಸಿಡಿಲಿನದ್ದನ್ನು ಮೊದಲು ಹೇಳಿಬಿಡುತ್ತೇನೆ. ಸಿಡಿಲು ಮನೆ ಮೇಲೇ ಬೀಳಬೇಕಿಲ್ಲ. ಗುಡ್ಡದಾಚೆ ಬಿದ್ದರೂ ಸಾಕು, ಉದ್ದದ ತಂತಿಗಳಲ್ಲಿ ಸಾವಿರಾರು ವೋಲ್ಟ್ ಏಳುತ್ತದೆ. ಮಲೆನಾಡಿನ ಒಂಟಿ ಮನೆಗಳಿಗೆ ಟೆಲಿಫೋನ್ ತಂತಿ ಕಾಡು, ಗದ್ದೆ, ಹಳ್ಳ ದಾಟಿ ಬರುತ್ತಿತ್ತು. ಆ ತಂತಿ ಇಂಟರ್ನೆಟ್ ಡಬ್ಬಿಯಾದ ಮೋಡೆಮ್‌ಗೆ, ಮೋಡೆಮ್‌ನಿಂದ ಇಂಟರ್ನೆಟ್ ಒಯ್ಯುವ ಲ್ಯಾನ್ ಕೇಬಲ್ ಕಂಪ್ಯೂಟರ್‌ಗೆ. ಹಾಗಾಗಿ ಮೊದಲು ಹೋಗುತ್ತಿದ್ದದ್ದು ಲ್ಯಾನ್ ಪೋರ್ಟ್. ಲ್ಯಾನ್ ಪೋರ್ಟಿನ ಹಿಂದೆ ಪುಟ್ಟ ಟ್ರಾನ್ಸ್‌ಫಾರ್ಮರ್‌ಗಳಿರುತ್ತವೆ. 1,500 ವೋಲ್ಟ್ ತನಕ ತಡೆಯಬೇಕು ಅನ್ನುವುದು ನಿಯಮ. ಸಿಡಿಲಿನ ಮುಂದೆ ಅದು ಏನೂ ಅಲ್ಲ. ಗುಡುಗು ಶುರುವಾದ ಕೂಡಲೇ "ಮೋಡೆಮ್ ತೆಗಿರೋ" ಅಂತ ಮನೆಯ ಹಿರಿಯರು ಕೂಗುತ್ತಿದ್ದರಲ್ಲ, ಅದು ನೂರಕ್ಕೆ ನೂರು ಸರಿ. ಪವರ್ ಪ್ಲಗ್ ಒಂದನ್ನೇ ತೆಗೆದರೆ ಸಾಲದು. ಫೋನ್ ತಂತಿ, ಲ್ಯಾನ್ ಕೇಬಲ್ ಎರಡನ್ನೂ ತೆಗೆಯಬೇಕು.

ಈಗ ಬಹಳ ಮನೆಗಳಿಗೆ ಫೈಬರ್ ಬಂದಿದೆ. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ, ಹಾಗಾಗಿ ಆ ದಾರಿ ಮುಚ್ಚಿದಂತೆಯೇ. ಆದರೆ ಫೈಬರ್ ಡಬ್ಬಿಯ ಅಡಾಪ್ಟರ್ ಗೋಡೆಯ ಪ್ಲಗ್ಗಿನಲ್ಲೇ ಇರುತ್ತದೆ. ಕರೆಂಟ್ ಲೈನಿನಿಂದ ಬಂದದ್ದು ಈಗಲೂ ಲ್ಯಾನ್ ಕೇಬಲ್ ಹಿಡಿದು ಕಂಪ್ಯೂಟರ್‌ಗೆ ಹೋಗಬಹುದು. ಅರ್ಥಿಂಗ್ ಗುಂಡಿಯನ್ನೂ ನೋಡಿಕೊಳ್ಳಬೇಕು. ಭರಣಿ ಹೊತ್ತಿಗೆ ನೆಲ ಒಣಗಿ ಬಿರುಕು ಬಿಟ್ಟಿರುತ್ತದೆ. ಒಣ ಮಣ್ಣಿನಲ್ಲಿ ಅರ್ಥಿಂಗ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಮಾರ್ಚ್‌ನಿಂದಲೇ ಗುಂಡಿಗೆ ಆಗಾಗ ಒಂದು ಕೊಡ ನೀರು ಹಾಕುವುದು ಒಳ್ಳೆಯದು. ಇದಕ್ಕೆ ಕಾಸು ಖರ್ಚಿಲ್ಲ.

ಲ್ಯಾನ್ ಪೋರ್ಟ್ ಹೋಗಿದೆಯಾ ಅಂತ ತಿಳಿಯುವುದು ಸುಲಭ. ಕೇಬಲ್ ಚುಚ್ಚಿದಾಗ ಪೋರ್ಟಿನ ಪಕ್ಕದ ಪುಟ್ಟ ದೀಪ ಹತ್ತಬೇಕು. ಹತ್ತದಿದ್ದರೆ ಕೇಬಲ್ ಬದಲಿಸಿ, ರೂಟರಿನ ಬೇರೆ ಪೋರ್ಟಿಗೆ ಹಾಕಿ ನೋಡಿ. ಆಗಲೂ ಇಲ್ಲವಾದರೆ ಆ ಪೋರ್ಟಿನ ಆಸೆ ಬಿಡಿ, ಕಂಪ್ಯೂಟರಿನ ಆಸೆ ಬಿಡಬೇಡಿ. ಒಳಗೆ ಖಾಲಿ ಸ್ಲಾಟ್ ಇದ್ದರೆ ಅದಕ್ಕೆ ಹೊಂದುವ ಲ್ಯಾನ್ ಕಾರ್ಡ್ ಹಾಕಬಹುದು. ಇಲ್ಲವೇ ಯುಎಸ್‌ಬಿಗೆ ಚುಚ್ಚುವ ಲ್ಯಾನ್ ಅಡಾಪ್ಟರ್ ಸಿಗುತ್ತದೆ. ಕಂಪ್ಯೂಟರ್ ಶುರುವಾಗುವಾಗ ಸಿಗುವ ಸೆಟ್ಟಿಂಗ್ ಪರದೆಯಾದ ಬಯೋಸ್‌ಗೆ ಹೋಗಿ ಹಳೆ ಲ್ಯಾನನ್ನು ಡಿಸೇಬಲ್ ಮಾಡಿಬಿಡಿ. ಅರೆಬೆಂದ ಚಿಪ್ಪನ್ನು ಹುಡುಕುತ್ತಾ ಕೆಲವು ಕಂಪ್ಯೂಟರ್‌ಗಳು ಬೂಟ್ ಆಗುವಾಗಲೇ ನಿಂತುಬಿಡುತ್ತವೆ.

ಪುಷ್ಯ ಮಳೆಯದ್ದು ಹೆಚ್ಚು ತಾಳ್ಮೆಯ ಕೆಲಸ. ನನಗೆ ಇಷ್ಟವಾದದ್ದೂ ಇದೇ. ಆರಿದ್ರಾ ಕಳೆಯುವ ಹೊತ್ತಿಗೆ ಗೋಡೆ ಬೆವರುತ್ತದೆ, ಚಪ್ಪಲಿಗೆ ಬೂಷ್ಟು ಬರುತ್ತದೆ, ಉಪ್ಪಿನ ಡಬ್ಬಿ ನೀರಾಗುತ್ತದೆ. ಅದೇ ಗಾಳಿ ಕಂಪ್ಯೂಟರಿನ ಒಳಗೂ ಇರುತ್ತದೆ ಅಲ್ವಾ. ಪೋರ್ಟಿನ ಪಿನ್ನುಗಳು ತಾಮ್ರದ ಮಿಶ್ರಲೋಹ, ಅದರ ಮೇಲೆ ನಿಕ್ಕಲ್, ಅದರ ಮೇಲೆ ಬಹಳ ತೆಳುವಾದ ಚಿನ್ನದ ಲೇಪ. ಅಗ್ಗದ ಪೋರ್ಟಿನಲ್ಲಿ ಈ ಚಿನ್ನ ಹೆಸರಿಗೆ ಮಾತ್ರ. ಪೆನ್‌ಡ್ರೈವ್ ಹಾಕಿ ತೆಗೆದು ಮಾಡಿದಂತೆಲ್ಲ ಅದು ಸವೆಯುತ್ತದೆ. ಮಾಮೂಲಿ ಚಪ್ಪಟೆ ಯುಎಸ್‌ಬಿ ಪೋರ್ಟನ್ನು ಸುಮಾರು 1,500 ಸಲ ಹಾಕಿ ತೆಗೆಯುವುದಕ್ಕೆ ಅಂತಲೇ ಮಾಡಿರುತ್ತಾರೆ. ದಿನಕ್ಕೊಂದು ಸಲ ಅಂದರೂ ನಾಲ್ಕು ವರ್ಷದ ಆಯುಷ್ಯ. ಸವೆದ ಜಾಗದಲ್ಲಿ ತೇವ ಕೂತರೆ ಹಸಿರು ಕಿಲುಬು ಹಿಡಿಯುತ್ತದೆ. ಒಣ ಧೂಳು ಹೆಚ್ಚು ತೊಂದರೆ ಕೊಡುವುದಿಲ್ಲ. ಆದರೆ ತೇವ ಕುಡಿದ ಧೂಳು ಒಂದು ಪಿನ್ನಿನಿಂದ ಇನ್ನೊಂದಕ್ಕೆ ಸಣ್ಣಗೆ ಕರೆಂಟ್ ಹರಿಸುತ್ತದೆ.

ಇದರ ಲಕ್ಷಣ ಹೇಗಿರುತ್ತದೆ ಗೊತ್ತಾ? ಬೆಳಿಗ್ಗೆ ಪೆನ್‌ಡ್ರೈವ್ ಗುರುತು ಸಿಗುವುದಿಲ್ಲ. ಕಂಪ್ಯೂಟರ್ ಒಂದಷ್ಟು ಹೊತ್ತು ಆನ್ ಇದ್ದು ಬಿಸಿಯಾದ ಮೇಲೆ ಸಿಗುತ್ತದೆ. ಪ್ಲಗ್ಗನ್ನು ಸ್ವಲ್ಪ ಓರೆ ಮಾಡಿದರೆ ಸಿಗುತ್ತದೆ. ಹೀಗಿದ್ದರೆ ಖುಷಿಪಡಿ, ಅದು ಸ್ವಚ್ಛ ಮಾಡಿದರೆ ಹೋಗುವ ತೊಂದರೆ. ಮೆಡಿಕಲ್ ಶಾಪಿನಲ್ಲೋ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲೋ ಐಸೊಪ್ರೊಪೈಲ್ ಆಲ್ಕೋಹಾಲ್ ಸಿಗುತ್ತದೆ. ನೀರಿನ ಅಂಶ ಕಡಿಮೆ ಇರುವುದನ್ನೇ ಕೇಳಿ ತನ್ನಿ. ಪ್ಲಗ್ ತೆಗೆದು, ಹಳೆ ಹಲ್ಲುಜ್ಜುವ ಬ್ರಷ್ಷಿನ ನಾಲ್ಕು ಎಳೆ ಮಾತ್ರ ಉಳಿಸಿಕೊಂಡು, ಅದನ್ನು ಅದ್ದಿ ಪಿನ್ನಿನ ಉದ್ದಕ್ಕೆ ತಿಕ್ಕಬೇಕು. ಪೂರ್ತಿ ಆರುವ ತನಕ ಕಾಯಬೇಕು. ಪೆಟ್ರೋಲು, ಸೀಮೆಎಣ್ಣೆ, ಕೊಬ್ಬರಿ ಎಣ್ಣೆ ಯಾವುದೂ ಬೇಡ. ಎಣ್ಣೆ ಹಚ್ಚಿದರೆ ಧೂಳು ಅಂಟಿ ಮೊದಲಿಗಿಂತ ಕಷ್ಟ.

ಮಳೆಗಾಲದಲ್ಲಿ ಹಾಳಾಗುತ್ತದೆ ಅಂತ ಹೆದರಿ ಕೆಲವರು ಜೂನ್‌ನಲ್ಲಿ ಕಂಪ್ಯೂಟರಿಗೆ ಪ್ಲಾಸ್ಟಿಕ್ ಹೊದೆಸಿ ಸೆಪ್ಟೆಂಬರ್ ತನಕ ಮುಟ್ಟುವುದಿಲ್ಲ. ನನ್ನ ಪ್ರಕಾರ ಇದು ತಪ್ಪು. ಪ್ಲಾಸ್ಟಿಕ್ಕಿನ ಒಳಗೆ ತೇವ ಸಿಕ್ಕಿಕೊಳ್ಳುತ್ತದೆ. ಗುಡುಗು ಇಲ್ಲದ ದಿನ ನೋಡಿ ಒಂದೆರಡು ಗಂಟೆ ಓಡಿಸಿದರೆ ಅದರದ್ದೇ ಬಿಸಿಗೆ ಒಳಗೆಲ್ಲ ಒಣಗುತ್ತದೆ. ಮಳೆಗಾಲ ಪೂರ್ತಿ ಬಳಕೆಯಲ್ಲಿದ್ದ ಕಂಪ್ಯೂಟರ್‌ಗಳೇ ಹೆಚ್ಚು ಬಾಳುವುದನ್ನು ನಾನು ನೋಡಿದ್ದೇನೆ. ಗೋಡೆಗೆ ತಾಗಿಸಿ ಇಡಬೇಡಿ, ನೆಲದ ಮೇಲೂ ಬೇಡ.

ಗೋಡೆಗೆ ಹತ್ತಿರ ಇಟ್ಟರೆ ಇನ್ನೊಂದು ಆಗುತ್ತದೆ. ಕುಂಬಾರ ಹುಳ ಬಂದು ಖಾಲಿ ಪೋರ್ಟಿನಲ್ಲಿ ಮಣ್ಣಿನ ಗೂಡು ಕಟ್ಟುತ್ತದೆ. ಒಳಗೆ ಮರಿಯ ಮೇವಿಗೆ ಅಂತ ಹಸಿರು ಹುಳ ತಂದಿಟ್ಟಿರುತ್ತದೆ. ಹಸಿ ಮಣ್ಣಿದ್ದಾಗ ಕೆದಕಿದರೆ ಪಿನ್ನಿನ ಸಂದಿಗೆಲ್ಲ ಮೆತ್ತಿಕೊಳ್ಳುತ್ತದೆ. ಒಣಗಲು ಬಿಟ್ಟು, ಮರದ ಕಡ್ಡಿಯಿಂದ ಅಂಚಿನಿಂದ ಬಿಡಿಸಿದರೆ ಹೆಂಟೆಯಾಗಿ ಉದುರುತ್ತದೆ. ಸೂಜಿ, ಪಿನ್ನು ಬಳಸಬೇಡಿ.

ದೊಡ್ಡಪ್ಪನ ಕಂಪ್ಯೂಟರಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಅವರ ಹತ್ತಿರ ಇರುವುದು ಹಳೆ ಡೆಸ್ಕ್‌ಟಾಪ್. ಅಡಿಕೆ ಲೆಕ್ಕ, ಆಳುಗಳ ಲೆಕ್ಕ, ಊರ ದೇವಸ್ಥಾನದ ಜಮಾ ಖರ್ಚು ಎಲ್ಲ ಅದರಲ್ಲೇ. ನುಡಿ ಅನ್ನುವ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆ ಕಡತಗಳಿವೆ. ರಸೀದಿಗೆ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಇದೆ, ಅದು 25 ಪಿನ್ನಿನ ಪ್ಯಾರಲಲ್ ಪೋರ್ಟಿಗೆ ಹೋಗುತ್ತದೆ. ಈಗಿನ ಹೆಚ್ಚಿನ ಕಂಪ್ಯೂಟರ್‌ಗಳಲ್ಲಿ ಆ ಪೋರ್ಟ್ ಬರುವುದೇ ಇಲ್ಲ. ಹಾಗಾಗಿ ಬೇರೆ ತಗೊಳ್ಳಿ ಅಂತ ಅವರಿಗೆ ಹೇಳುವುದು ಸುಲಭವಲ್ಲ.

"ಆನ್ ಮಾಡಿದ್ರೆ ತಾನಾಗೇ ಆಫ್ ಆಗ್ತದೆ ಮಾರಾಯ. ಎಂತ ಆಗಿದೆ ನೋಡು" ಅಂದರು.

"ಆಫ್ ಆಗೋ ಮುಂಚೆ ಸ್ಕ್ರೀನಲ್ಲಿ ಎಂತಾದ್ರೂ ಬರ್ತದಾ ದೊಡ್ಡಪ್ಪ?"

"ಇಂಗ್ಲಿಷಲ್ಲಿ ಎಂತದೋ ಬರ್ತದೆ. ಕನ್ನಡಕ ಹಾಕ್ಕೊಳೋದ್ರೊಳಗೆ ಹೋಗ್ತದೆ."

ಪೇಟೆಯಲ್ಲಿ ತೋರಿಸಿದ್ದಕ್ಕೆ ಬೋರ್ಡ್ ಹೋಗಿದೆ, ಹೊಸ ಕಂಪ್ಯೂಟರ್ ತಗೊಳ್ಳಿ ಅಂದಿದ್ದರಂತೆ. ನಾನು ಆನ್ ಮಾಡಿ ಓದಿದೆ. ಯುಎಸ್‌ಬಿ ಪೋರ್ಟಿನಲ್ಲಿ ಕರೆಂಟ್ ಮಿತಿಮೀರಿದೆ, 15 ಸೆಕೆಂಡಿನಲ್ಲಿ ಕಂಪ್ಯೂಟರ್ ಆಫ್ ಆಗುತ್ತದೆ ಅಂತ ಇತ್ತು. ಅಂದರೆ ಬೋರ್ಡ್ ಚೆನ್ನಾಗಿಯೇ ಇದೆ. ತನ್ನನ್ನು ತಾನು ಉಳಿಸಿಕೊಳ್ಳುವುದಕ್ಕೇ ಅದು ಆಫ್ ಆಗುತ್ತಿದೆ. ಚುಚ್ಚಿದ್ದ ಎಲ್ಲವನ್ನೂ ತೆಗೆದೆ. ಆಗಲೂ ಅದೇ ಸಂದೇಶ. ಹಾಗಾದರೆ ಶಾರ್ಟ್ ಇರುವುದು ಪೋರ್ಟಿನಲ್ಲೇ.

ಇಲ್ಲಿ ಒಂದು ವಿಷಯ ತಿಳಿದಿದ್ದರೆ ಒಳ್ಳೆಯದು. ಕಂಪ್ಯೂಟರಿನ ಹಿಂಬದಿಯ ಪೋರ್ಟುಗಳು ಮದರ್‌ಬೋರ್ಡಿಗೇ ಬೆಸುಗೆ ಹಾಕಿದವು. ಮುಂಬದಿಯವು ಹಾಗಲ್ಲ. ಅವು ಕ್ಯಾಬಿನೆಟ್ಟಿನ, ಅಂದರೆ ಹೊರಪೆಟ್ಟಿಗೆಯ ಭಾಗ. ಅಲ್ಲಿಂದ ಒಂದು ಕೇಬಲ್ ಬಂದು ಬೋರ್ಡಿನ ಮೇಲೆ ಎದ್ದು ನಿಂತ 9 ಪಿನ್ನಿನ ಗುಂಪಿಗೆ (ಹೆಡರ್) ಕೂತಿರುತ್ತದೆ. 10 ಪಿನ್ನಿನ ಜಾಗ, ತಪ್ಪಾಗಿ ಕೂರದಿರಲಿ ಅಂತ ಒಂದನ್ನು ಬಿಟ್ಟಿರುತ್ತಾರೆ. ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ತೆಗೆದು, ಆ ಕೇಬಲ್ ಕಿತ್ತೆ. ಮತ್ತೆ ಆನ್ ಮಾಡಿದರೆ ಸಂದೇಶವೇ ಇಲ್ಲ, ನೇರ ವಿಂಡೋಸ್ ಬಂತು. ದೊಡ್ಡಪ್ಪ ಹತ್ತಿರ ಬಂದು, ಪರದೆ ಮೇಲಿನ ದೇವಸ್ಥಾನದ ಫೈಲನ್ನು ಒಂದು ಸಲ ತೆರೆದು ನೋಡಿ ಮುಚ್ಚಿದರು.

ಆಮೇಲೆ ಟಾರ್ಚ್ ಹಿಡಿದು ಮುಂದಿನ ಪೋರ್ಟನ್ನು ನೋಡಿದೆವು. ಯುಎಸ್‌ಬಿ 2.0 ಪೋರ್ಟಿನ ಒಳಗೆ ಒಂದು ತೆಳು ಪ್ಲಾಸ್ಟಿಕ್ ನಾಲಿಗೆ ಇರುತ್ತದೆ, ಅದರ ಮೇಲೆ ನಾಲ್ಕು ಪಿನ್ನು. ಎರಡು ಅಂಚಿನವು ಪವರ್ರಿಗೆ: ಒಂದು 5 ವೋಲ್ಟ್, ಇನ್ನೊಂದು ಗ್ರೌಂಡ್. ನಡುವಿನ ಎರಡು ಡೇಟಾಗೆ. ಇಲ್ಲಿ ನಾಲಿಗೆಯ ಒಂದು ಮೂಲೆ ಮುರಿದಿತ್ತು. 5 ವೋಲ್ಟಿನ ಪಿನ್ನು ಮೇಲೆದ್ದು, ಪಕ್ಕದ ತಗಡಿಗೆ ತಾಗಿ ನಿಂತಿತ್ತು. ತಗಡು ಅಂದರೆ ಗ್ರೌಂಡ್. ಯಾರೋ ಪೆನ್‌ಡ್ರೈವನ್ನು ತಿರುವುಮುರುವಾಗಿ ಒತ್ತಿದ್ದಾರೆ, ಅಷ್ಟೇ. ಮುರಿದ ನಾಲಿಗೆಯನ್ನು ಸರಿಮಾಡುವಂತಿರಲಿಲ್ಲ. ಮುಂದಿನ ಕೇಬಲ್ಲನ್ನು ಹಾಗೇ ಬಿಡಿಸಿಟ್ಟು, ಹಿಂದಿನ ಪೋರ್ಟಿಗೆ ಒಂದು ಗಿಡ್ಡ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಮೇಜಿನ ಮೇಲೆ ತಂದೆ. ಇದನ್ನು ಎಲ್ಲರಿಗೂ ಹೇಳುತ್ತೇನೆ. ಎಕ್ಸ್‌ಟೆನ್ಷನ್ ಯಾವಾಗಲೂ ಚುಚ್ಚಿಯೇ ಇರಲಿ. ಸವೆಯುವುದು ಅದರ ತುದಿ, ಕಂಪ್ಯೂಟರಿನ ಪೋರ್ಟ್ ಅಲ್ಲ. ಸವೆದರೆ ಕಡಿಮೆ ದುಡ್ಡಿಗೆ ಬೇರೆ ಬರುತ್ತದೆ.

ಇಂಥ ಸಂದೇಶ ಏನೂ ಬರದೆ ಸುಮ್ನೆ ಪೋರ್ಟ್ ಮಲಗಿದ್ದರೆ? ಆಗ ನನ್ನ ಅಚ್ಚುಮೆಚ್ಚಿನ ಸಾಧನ ಒಂದು ಹಳೆ ಮೌಸ್, ಅಡಿಯಲ್ಲಿ ಕೆಂಪು ದೀಪ ಇರುವಂಥದ್ದು. ಅನುಮಾನದ ಪೋರ್ಟಿಗೆ ಅದನ್ನು ಚುಚ್ಚಿ. ದೀಪ ಹತ್ತಿದರೆ 5 ವೋಲ್ಟ್ ಬರುತ್ತಿದೆ ಅಂತಾಯಿತು. ದೀಪ ಹತ್ತಿಯೂ ಬಾಣ ಅಲುಗಾಡದಿದ್ದರೆ ತೊಂದರೆ ಡೇಟಾ ಪಿನ್ನಿನಲ್ಲೋ, ಪೋರ್ಟನ್ನು ನಡೆಸುವ ಸಾಫ್ಟ್‌ವೇರ್ ಆದ ಡ್ರೈವರಿನಲ್ಲೋ ಇದೆ. ದೀಪವೇ ಹತ್ತದಿದ್ದರೆ ಪವರ್ರೇ ಇಲ್ಲ. ಎಷ್ಟೋ ಬೋರ್ಡುಗಳಲ್ಲಿ ಪೋರ್ಟಿನ ಹತ್ತಿರ ತಾನಾಗೇ ಸರಿಹೋಗುವ ಫ್ಯೂಸ್ ಇರುತ್ತದೆ. ಕರೆಂಟ್ ಜಾಸ್ತಿಯಾದರೆ ಬಿಸಿಯಾಗಿ ದಾರಿ ಮುಚ್ಚುತ್ತದೆ, ತಣ್ಣಗಾದ ಮೇಲೆ ಬಿಡುತ್ತದೆ. ಅದಕ್ಕೇ ಮೊದಲ ಮದ್ದು, ಗೋಡೆಯ ಪ್ಲಗ್ ತೆಗೆದು, ಪವರ್ ಬಟನ್ನನ್ನು ಅರ್ಧ ನಿಮಿಷ ಒತ್ತಿ ಹಿಡಿದು, ಸ್ವಲ್ಪ ಹೊತ್ತು ಹಾಗೇ ಬಿಡುವುದು.

ಇದು ಅಜ್ಜಿಮದ್ದಿನ ಹಾಗೆ ಕಾಣಬಹುದು, ಆದರೆ ಇದಕ್ಕೆ ಸರಿಯಾದ ಕಾರಣವಿದೆ. ಶಟ್‌ಡೌನ್ ಮಾಡಿದರೂ ಕಂಪ್ಯೂಟರಿಗೆ ಕರೆಂಟ್ ಕೊಡುವ ಡಬ್ಬಿಯಾದ ಎಸ್‌ಎಂಪಿಎಸ್ ಬೋರ್ಡಿಗೆ 5 ವೋಲ್ಟಿನ ಸ್ಟ್ಯಾಂಡ್‌ಬೈ ಕೊಡುತ್ತಲೇ ಇರುತ್ತದೆ. ನೇರಳೆ ಬಣ್ಣದ ತಂತಿ ಅದು. ಕರೆಂಟ್ ಏರಿಳಿತದಲ್ಲಿ ಯುಎಸ್‌ಬಿ ಕಂಟ್ರೋಲರ್ ಗೊಂದಲಕ್ಕೆ ಬಿದ್ದು ನಿಂತುಬಿಟ್ಟರೆ, ಈ ಸ್ಟ್ಯಾಂಡ್‌ಬೈ ತಪ್ಪುವ ತನಕ ಎಚ್ಚರಗೊಳ್ಳುವುದಿಲ್ಲ. ಬರಿ ರೀಸ್ಟಾರ್ಟ್ ಸಾಲದು. ನಮ್ಮ ಕಡೆ ಏರಿಳಿತಕ್ಕೆ ಬರವಿಲ್ಲ. 1,035 ಮೆಗಾವ್ಯಾಟಿನ ಶರಾವತಿ ವಿದ್ಯುದಾಗಾರ ಇರುವುದು ನಮ್ಮದೇ ಜಿಲ್ಲೆಯಲ್ಲಿ. ಆದರೂ ತೋಟದ ಪಂಪುಗಳು ಒಟ್ಟಿಗೆ ಶುರುವಾದರೆ ಲೈನಿನ ಕೊನೆಯ ಮನೆಗಳಲ್ಲಿ ಬಲ್ಬು ಮಂಕಾಗುತ್ತದೆ. ಈ ನೋವು ಇಲ್ಲಿನ ಎಲ್ಲರಿಗೂ ಗೊತ್ತು.

ಡ್ರೈವರ್ ತೊಂದರೆಯೋ ಪೋರ್ಟಿನದ್ದೋ ಅಂತ ಬೇರ್ಪಡಿಸುವುದಕ್ಕೆ ಬಯೋಸ್ ಒಳ್ಳೆಯ ಜಾಗ. ಯುಎಸ್‌ಬಿ ಕೀಬೋರ್ಡ್ ಚುಚ್ಚಿ, ಆನ್ ಮಾಡಿ, ಡಿಲೀಟ್ ಕೀಯೋ ಎಫ್2 ಕೀಯೋ ಒತ್ತಿ ಒಳಗೆ ಹೋಗಿ. ಅಲ್ಲಿ ಕೀಬೋರ್ಡ್ ಕೆಲಸ ಮಾಡಿ, ವಿಂಡೋಸಿನಲ್ಲಿ ಮಾಡದಿದ್ದರೆ ಪೋರ್ಟ್ ಗಟ್ಟಿಯಾಗಿದೆ. ಡಿವೈಸ್ ಮ್ಯಾನೇಜರಿಗೆ ಹೋಗಿ ಯುಎಸ್‌ಬಿ ಕಂಟ್ರೋಲರ್‌ಗಳನ್ನು ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡಿದರೆ ವಿಂಡೋಸ್ ಮತ್ತೆ ಹುಡುಕಿ ಹಾಕಿಕೊಳ್ಳುತ್ತದೆ. ಒಂದು ಎಚ್ಚರಿಕೆ: ಅನ್‌ಇನ್‌ಸ್ಟಾಲ್ ಮಾಡಿದ ಕ್ಷಣ ಯುಎಸ್‌ಬಿ ಮೌಸ್, ಕೀಬೋರ್ಡ್ ಎರಡೂ ನಿಂತುಹೋಗುತ್ತವೆ. ಹಳೆ ಡೆಸ್ಕ್‌ಟಾಪಿನ ಹಿಂದೆ ನೇರಳೆ ಮತ್ತು ಹಸಿರು ಬಣ್ಣದ ದುಂಡು ಪೋರ್ಟುಗಳಿರುತ್ತವೆ, 1987ರಲ್ಲಿ ಐಬಿಎಂ ತಂದ ಪಿಎಸ್/2. ಯುಎಸ್‌ಬಿ ಪೂರ್ತಿ ಕೈಕೊಟ್ಟಾಗಲೂ ಅವು ಕೆಲಸ ಮಾಡುತ್ತವೆ. ನೇರಳೆ ಕೀಬೋರ್ಡಿಗೆ, ಹಸಿರು ಮೌಸ್‌ಗೆ. ಕಂಪ್ಯೂಟರ್ ಆಫ್ ಇದ್ದಾಗಲೇ ಚುಚ್ಚಬೇಕು. ಅಂಥ ಹಳೆ ಕೀಬೋರ್ಡ್ ಮನೆಯಲ್ಲಿದ್ದರೆ ಜೋಪಾನವಾಗಿಡಿ.

ಮಾನಿಟರಿನ ವಿಜಿಎ ಪೋರ್ಟ್ ಬಗ್ಗೆ ಎರಡೇ ಮಾತು. ಪರದೆ ಹಳದಿಯಾದರೆ ನೀಲಿ ಸಿಗ್ನಲ್ ಬರುತ್ತಿಲ್ಲ, ನೇರಳೆಗುಲಾಬಿಯಾದರೆ ಹಸಿರು ಬರುತ್ತಿಲ್ಲ, ನೀಲಿಹಸಿರಾದರೆ ಕೆಂಪು ಬರುತ್ತಿಲ್ಲ. 1, 2, 3ನೇ ಪಿನ್ನುಗಳೇ ಕೆಂಪು, ಹಸಿರು, ನೀಲಿ. ಕಿಲುಬು ತೆಗೆದರೆ, ಬಾಗಿದ್ದನ್ನು ನೆಟ್ಟಗೆ ಮಾಡಿದರೆ ಬಣ್ಣ ವಾಪಸ್ ಬರುತ್ತದೆ. ಕೇಬಲ್ಲಿನಲ್ಲಿ 9ನೇ ಪಿನ್ನು ಕಾಣದಿದ್ದರೆ ಗಾಬರಿ ಬೇಡ, ಎಷ್ಟೋ ಕೇಬಲ್ಲುಗಳಲ್ಲಿ ಅದನ್ನು ಹಾಕಿಯೇ ಇರುವುದಿಲ್ಲ.

ಎಲ್ಲದಕ್ಕೂ ಮಳೆಯೇ ಕಾರಣ ಅಂತ ಅಂದುಕೊಳ್ಳಬೇಡಿ. 2011ರ ಜನವರಿ 31ರಂದು ಇಂಟೆಲ್ ತನ್ನ 6 ಸರಣಿಯ ಚಿಪ್‌ಸೆಟ್‌ನಲ್ಲಿ (ಬೋರ್ಡಿನ ಪೋರ್ಟುಗಳನ್ನು ನಡೆಸುವ ಚಿಪ್) ದೋಷ ಇದೆ ಅಂತ ತಾನೇ ಹೇಳಿಕೊಂಡಿತು. ಹಾರ್ಡ್ ಡಿಸ್ಕ್ ಜೋಡಿಸುವ ಸಾಟಾ ಪೋರ್ಟುಗಳಲ್ಲಿ 2ರಿಂದ 5ರ ತನಕದವು ಕಾಲ ಕಳೆದಂತೆ ಬಲ ಕಳೆದುಕೊಳ್ಳುತ್ತಿದ್ದವು. 0 ಮತ್ತು 1ಕ್ಕೆ ಏನೂ ಆಗುತ್ತಿರಲಿಲ್ಲ. ಆಮೇಲೆ ಬಂದ ಚಿಪ್ಪುಗಳಲ್ಲಿ ಅದನ್ನು ಸರಿಪಡಿಸಿದರು. ಆ ಕಾಲದ ಬೋರ್ಡಿನಲ್ಲಿ ಹಾರ್ಡ್ ಡಿಸ್ಕ್ ಆಗಾಗ ಕಾಣೆಯಾಗುತ್ತಿದ್ದರೆ, ಡಿಸ್ಕ್ ಬದಲಿಸುವ ಮುಂಚೆ ಕೇಬಲ್ಲನ್ನು 0 ಅಥವಾ 1ಕ್ಕೆ ಹಾಕಿ ನೋಡಿ.

ಕೈಬಿಡಬೇಕಾದ ಹೊತ್ತೂ ಬರುತ್ತದೆ. ಬೋರ್ಡಿನ ಮೇಲಿನ ಪುಟ್ಟ ಡಬ್ಬಿಯಂಥ ಕೆಪಾಸಿಟರ್‌ಗಳ ತಲೆ ಉಬ್ಬಿ, ಕಂದು ದ್ರವ ಕಾಣುತ್ತಿದ್ದರೆ, ಒಂದಾದ ಮೇಲೆ ಒಂದು ಪೋರ್ಟ್ ಹೋಗುತ್ತಾ ಕಂಪ್ಯೂಟರ್ ತಾನಾಗೇ ರೀಸ್ಟಾರ್ಟ್ ಆಗುತ್ತಿದ್ದರೆ ಮೊದಲು ಹಾರ್ಡ್ ಡಿಸ್ಕ್ ತೆಗೆದು ಬೇರೆ ಕಂಪ್ಯೂಟರಿಗೆ ಜೋಡಿಸಿ ಲೆಕ್ಕಪತ್ರ, ಫೋಟೋಗಳನ್ನು ಕಾಪಿ ಮಾಡಿ. ಕೆಪಾಸಿಟರ್ ಬದಲಿಸಲು ಬರುವವರಿದ್ದರೆ ಆಮೇಲೆ ಪ್ರಯತ್ನಿಸಬಹುದು. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರೊಳಗೆ 300 ವೋಲ್ಟಿನಷ್ಟು ಉಳಿದಿರಬಹುದು.

ಕೆಟ್ಟ ಬೋರ್ಡನ್ನು ತೋಟದ ಗುಂಡಿಗೆ ಎಸೆಯಬೇಡಿ. ಹಳೆ ಬೆಸುಗೆಯಲ್ಲಿ ಸೀಸ ಇರುತ್ತದೆ, ನಮ್ಮ ಹಳ್ಳದ ನೀರು ಹೋಗಿ ಸೇರುವುದು ತುಂಗೆಗೋ ಶರಾವತಿಗೋ ತಾನೆ. ಅದರಲ್ಲಿದ್ದ ಲ್ಯಾನ್ ಕಾರ್ಡ್, ಯುಎಸ್‌ಬಿ ಕಾರ್ಡ್, ರ‍್ಯಾಮ್, ಮುಂದಿನ ಪೋರ್ಟಿನ ಕೇಬಲ್ ತೆಗೆದಿಡಿ. ದೊಡ್ಡಪ್ಪನ ಕಂಪ್ಯೂಟರಿಗೆ ಹೊಂದುವ ಮುಂಬದಿಯ ಪೋರ್ಟಿನ ಬಿಡಿಭಾಗವೊಂದನ್ನು ನಾನೂ ಹುಡುಕುತ್ತಿದ್ದೇನೆ. ಯಾರ ಮನೆಯ ಅಟ್ಟದಲ್ಲಾದರೂ ಹಳೆ ಕ್ಯಾಬಿನೆಟ್ ಇದ್ದರೆ ಗುಜರಿಗೆ ಹಾಕುವ ಮುಂಚೆ ಒಂದು ಮಾತು ತಿಳಿಸಿ, ಬಂದು ಬಿಚ್ಚಿಕೊಂಡು ಹೋಗುತ್ತೇನೆ.